ಬಲಗಡೆ ಮೇಲ್ಮೂಲೆ

ಭೀಮನಬೀಡು
೧೮ ಜನವರಿ ೨೦೦೪

ಚಿರಂಜೀವಿ ಗಂಗಾಧರಸ್ವಾಮಿಗೆ ಅವ್ವನ ಆಶೀರ್ವಾದ.

ಸಂಕ್ರಾಂತಿಗೆ ಹಡಗಿನಿಂದ ಇಳಿದು ಬರುತ್ತೇನೆ ಎಂದವನು ಬರಲಿಲ್ಲ. ಅಂಗಡಿ ಚಿಕ್ಕಮಲ್ಲಪ್ಪನ ಫೋನಿಗೆ ಒಂದು ಮಾತು ಹೇಳಿ ಕೈತೊಳೆದುಕೊಂಡೆ. ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ: "ಶಾಂತಮಲ್ಲಮ್ಮಾರೆ, ನಿಮ್ಮ ಅಡಗಿನ ಮಗ ಬರಕಿಲ್ವಂತೆ!" ಇನ್ನು ಮುಂದೆ ನನಗೆ ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆ. ಫೋನಿನಲ್ಲಾದರೆ ಎಲ್ಲದಕ್ಕೂ ಹೂಂ ಅಂದು ಜಾರಿಕೊಳ್ಳುತ್ತೀಯೆ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ದೀಪಾವಳಿ ಮುಗಿಸಿ ನೀನೂ ಗುಂಡ್ಲುಪೇಟೆ ಸಾದಿಕನೂ ಹೊರಟಾಗ, ಇಬ್ಬರನ್ನೂ ಜಗುಲಿಯಲ್ಲಿ ನಿಲ್ಲಿಸಿ ಮನೆದೇವರು ಮಾದಪ್ಪನ ಪಟ ಕೊಟ್ಟೆ. ಬೆಂಕಿಪೊಟ್ಟಣದಷ್ಟಿನ ಅಂಟುವ ಪಟ. ಹಡಗಿನಲ್ಲಿ ದಾರಿ ತೋರಿಸಲು ಹೊಸದಾಗಿ ಕಂಪ್ಯೂಟರ್ ಬಂದಿದೆ ಎಂದೆಯಲ್ಲ, ಅದಕ್ಕೆ ಅಂಟಿಸು ಎಂದೆ. ಅಂಟಿಸಿದೆಯೋ ಇಲ್ಲವೋ ಇಷ್ಟು ದಿನವಾದರೂ ಒಂದು ಸಾಲು ಇಲ್ಲ. ಈ ಮನೆಗೆ ಬಂದ ಯಾವ ಯಂತ್ರವೂ ಪಟವಿಲ್ಲದೆ ಕೆಲಸ ಶುರು ಮಾಡಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್, ಟ್ರ್ಯಾಕ್ಟರು, ನಿನ್ನ ಅತ್ತಿಗೆ ಬೃಂದಾಳ ಮಿಕ್ಸಿ, ಎಲ್ಲಕ್ಕೂ ಇದೆ. ಮತ್ತೆ ಹೇಳುತ್ತೇನೆ: ಬಲಗಡೆ ಮೇಲ್ಮೂಲೆಗೆ ಅಂಟಿಸಬೇಕು. ಎಡಕ್ಕೆ ಬೇಡ, ಕೆಳಗಂತೂ ಬೇಡವೇ ಬೇಡ. ಅಂಟಿಸಿದ ಮೇಲೆ ಯಾರೂ ಕೀಳಕೂಡದು.

ಸಾದಿಕನ ತಾಯಿ ಫಖ್ರುನ್ನೀಸಾ ಸಂತೆಯಲ್ಲಿ ಸಿಕ್ಕಿದ್ದಳು. ಮಗ ತಿಂಗಳಿಗೆ ಎರಡು ಕಾಗದ ಬರೆಯುತ್ತಾನಂತೆ.

ಇಂತಿ ನಿನ್ನ ಅವ್ವ,
ಶಾಂತಮಲ್ಲಮ್ಮ


ಮಂಗಳೂರು
೬ ಫೆಬ್ರವರಿ ೨೦೦೪

ಅವ್ವನಿಗೆ ಗಂಗಾಧರ ಮಾಡುವ ನಮಸ್ಕಾರ.

ತಪ್ಪಾಯಿತು. ನಾವು ದ್ವೀಪಗಳಿಗೆ ಅಕ್ಕಿ, ಸಿಮೆಂಟು, ಡೀಸೆಲ್ ಪೀಪಾಯಿ ಹೊತ್ತು ಹೋಗಿ ಬರುವಷ್ಟರಲ್ಲಿ ಹಬ್ಬ ಕಳೆದಿತ್ತು. ಪಟ ಅಂಟಿಸಿದ್ದೇನೆ, ನೀನು ಹೇಳಿದ ಜಾಗಕ್ಕೇ. ಕ್ಯಾಪ್ಟನ್ ನಕ್ಕರು, ಆದರೆ ಬೇಡವೆನ್ನಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಸಮುದ್ರದ ನಕಾಶೆ ಕಾಣುತ್ತದೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಂದ ಸಂಕೇತ ಹಿಡಿಯುವ ಜಿಪಿಎಸ್ ಪೆಟ್ಟಿಗೆ ಹಡಗಿನ ಮಾಡಿನ ಮೇಲಿದೆ. ಅದರ ತಂತಿ ಕಂಪ್ಯೂಟರಿಗೆ ಬರುತ್ತದೆ. ನಮ್ಮ ಹಡಗು ಎಲ್ಲಿದೆಯೋ ಅಲ್ಲಿ ಒಂದು ಪುಟ್ಟ ಗುರುತು ಹರಿದಾಡುತ್ತದೆ. ಸಾದಿಕ್ ಚೆನ್ನಾಗಿ ಕಲಿತಿದ್ದಾನೆ. ಚುಕ್ಕಾಣಿ ಹಿಡಿದು ನಿಂತನೆಂದರೆ ಆಚೀಚೆ ನೋಡುವುದಿಲ್ಲ. ಇನ್ನೊಂದು ವರ್ಷ ಹೀಗೇ ಮಾಡಿದರೆ ದೊಡ್ಡ ಹಡಗಿಗೆ ಹೋಗಬಹುದು.

ಯುಗಾದಿಗೆ ಖಂಡಿತ ಬರುತ್ತೇನೆ.

ನಿನ್ನ ಮಗ,
ಗಂಗಾಧರ


ಭೀಮನಬೀಡು
೨ ಮಾರ್ಚ್ ೨೦೦೪

ಗಂಗಾಧರಸ್ವಾಮಿಗೆ,

ಹಡಗು ಬಂಡೆಗೆ ಬಡಿಯಿತೆಂದು ನನಗೆ ನಿನ್ನಿಂದ ತಿಳಿಯಬೇಕಿತ್ತು. ಫಖ್ರುನ್ನೀಸಾಳಿಂದ ತಿಳಿಯಿತು. ಎದೆ ಬಡಿದುಕೊಳ್ಳುತ್ತ ಗುಂಡ್ಲುಪೇಟೆಯಿಂದ ಆಟೋ ಮಾಡಿಕೊಂಡು ಬಂದಿದ್ದಳು. "ಅಮ್ಮಾವ್ರೆ, ನನ್ ಮಗನ್ ಕಾಲು ಓಯ್ತಂತೆ, ನಿಮ್ ಮಗ ಉಳ್ದವ್ನಂತೆ" ಎಂದಳು. ನೀನು ಉಳಿದಿದ್ದೀಯೆಂಬುದು ಅವಳ ಬಾಯಿಂದ ನನಗೆ ತಿಳಿಯಬೇಕಾಯಿತೇ? ನಿನಗೆ ಕೈ ಇಲ್ಲವೇ, ಮಂಗಳೂರಿನಲ್ಲಿ ಅಂಚೆ ಕಚೇರಿ ಇಲ್ಲವೇ?

ಏನಾಯಿತೆಂದು ಬರೆ. ಹೇಗಾಯಿತೆಂದು ಬರೆ. ಯಾರಿಂದ ಆಯಿತೆಂದು ಬರೆ. ನಿನಗೆ ಅರ್ಥವಾಗುವುದಿಲ್ಲ ಅವ್ವ ಎಂದು ಬರೆಯಬೇಡ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಓದಿದವಳು. ನನ್ನ ತವರು ಹರದನಹಳ್ಳಿಯಿಂದ ಆ ಕಾಲದಲ್ಲಿ ಹಾಗೆ ಹೋದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದರು ಎಂದು ಯಾರನ್ನಾದರೂ ಕೇಳು.

ಶಾಂತಮಲ್ಲಮ್ಮ


ಮಂಗಳೂರು
೧೧ ಮಾರ್ಚ್ ೨೦೦೪

ಅವ್ವನಿಗೆ ನಮಸ್ಕಾರ.

ನನಗೆ ಏನೂ ಆಗಿಲ್ಲ. ನಡೆದದ್ದನ್ನು ನೀನು ಕೇಳಿದಂತೆ ಬರೆಯುತ್ತೇನೆ.

ದ್ವೀಪದ ಸುತ್ತ ನೀರಿನಡಿ ಹವಳದ ಬಂಡೆ ಕೋಟೆಯಂತೆ ಇರುತ್ತದೆ. ಒಳಗೆ ಹೋಗಲು ಒಂದೇ ಸಣ್ಣ ಬಾಯಿ. ಬೆಳಗಿನ ಜಾವ ಆ ಬಾಯಿಯತ್ತ ಹೋಗುತ್ತಿದ್ದೆವು. ಚುಕ್ಕಾಣಿಯಲ್ಲಿ ಸಾದಿಕ್ ಇದ್ದ, ನಾನು ಲಂಗರು ಸಿದ್ಧ ಮಾಡಿಸಲು ಮುಂದಕ್ಕೆ ಹೋಗಿದ್ದೆ.

ಇಲ್ಲಿ ಎರಡು ವಿಷಯ ಬೇರೆ ಬೇರೆ. ನಾವು ಎಲ್ಲಿದ್ದೇವೆಂದು ಜಿಪಿಎಸ್ ಹೇಳುತ್ತದೆ. ಅದರ ತಪ್ಪು ಬಹಳವಾದರೆ ನಮ್ಮ ಕಣದ ಅಗಲದಷ್ಟು. ಬಂಡೆ ಎಲ್ಲಿದೆಯೆಂದು ನಕಾಶೆ ಹೇಳುತ್ತದೆ. ಅದು ಬಹಳ ಹಿಂದೆ, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡಿದವರ ಅಳತೆ. ಆ ಅಳತೆಯನ್ನೇ ಕಂಪ್ಯೂಟರಿಗೆ ಹಾಕಿದ್ದಾರೆ. ಆ ದ್ವೀಪದ ಚಿತ್ರ ಪೂರ್ತಿ ಒಂದು ಫರ್ಲಾಂಗು ಪೂರ್ವಕ್ಕೆ ಸರಿದಿದೆ. ಪರದೆಯಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಅವರು ಅಳೆಯದೆ ಬಿಟ್ಟದ್ದು ಕಾಣುವುದಿಲ್ಲ. ಇದು ನಮಗೆ ಗೊತ್ತು. ಅಷ್ಟು ಬಿಟ್ಟುಕೊಂಡೇ ಹೋಗುತ್ತೇವೆ. ಆದರೆ ಹಾಗೆ ಬಿಟ್ಟುಕೊಳ್ಳಬೇಕಾದರೆ ಜಿಪಿಎಸ್ ಸರಿಯಾಗಿ ಹೇಳುತ್ತಿರಬೇಕು.

ಅವತ್ತು ಉಪ್ಪುನೀರಿಗೆ ತುಕ್ಕು ಹಿಡಿದು ಜಿಪಿಎಸ್ ತಂತಿಯ ಜೋಡಣೆ ಸಡಿಲವಾಯಿತು. ಉಪಗ್ರಹದ ಸಂಕೇತ ನಿಂತರೂ ಪರದೆಯ ಮೇಲಿನ ಗುರುತು ನಿಲ್ಲುವುದಿಲ್ಲ. ಹಳೆಯ ದಿಕ್ಕಿನಲ್ಲಿ, ಹಳೆಯ ವೇಗದಲ್ಲಿ, ಬರೀ ಲೆಕ್ಕದ ಮೇಲೆ ಮುಂದೆ ಹೋಗುತ್ತಲೇ ಇರುತ್ತದೆ. ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ನೀರಿನ ಸೆಳೆತ ನಮ್ಮನ್ನು ಪಕ್ಕಕ್ಕೆ ಎಳೆದದ್ದು ಅದಕ್ಕೆ ತಿಳಿಯಲಿಲ್ಲ. ಇಂಥ ಹೊತ್ತಿಗೆಂದೇ ಪರದೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಚೌಕವಿದೆ, ಬಲಗಡೆ ಮೇಲೆ. ಸಂಕೇತವಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಮೊದಲು ಅದು ಕೂಗಿಯೂ ಎಚ್ಚರಿಸುತ್ತಿತ್ತು. ತಂತಿ ಅಲುಗಿದಾಗಲೆಲ್ಲ ಕೂಗುತ್ತದೆಂದು ಕ್ಯಾಪ್ಟನ್ ಸದ್ದನ್ನು ನಿಲ್ಲಿಸಿದ್ದರು. ಆದ್ದರಿಂದ ಚೌಕವನ್ನು ನೋಡುವುದೊಂದೇ ದಾರಿ. ಸಾದಿಕ್ ನೋಡಲಿಲ್ಲ. ಬಡಿದ ರಭಸಕ್ಕೆ ಪೀಪಾಯಿಗಳು ಉರುಳಿ ಅವನ ಕಾಲಿನ ಮೇಲೆ ಬಿದ್ದವು.

ತನಿಖೆ ನಡೆಯುತ್ತಿದೆ. ಚುಕ್ಕಾಣಿಯವನ ಅಜಾಗರೂಕತೆ ಎಂದು ಕ್ಯಾಪ್ಟನ್ ಬರೆದುಕೊಟ್ಟಿದ್ದಾರೆ. ನಾನೂ ಸಹಿ ಹಾಕಿದ್ದೇನೆ. ಅವನ ಹಡಗಿನ ಕಾರ್ಡು ರದ್ದಾಗುತ್ತದೆ. ಇನ್ನು ಯಾವ ಹಡಗಿಗೂ ಅವನನ್ನು ತೆಗೆದುಕೊಳ್ಳುವುದಿಲ್ಲ. ನನಗೂ ಬೇಸರವಿದೆ.

ಗಂಗಾಧರ


ಭೀಮನಬೀಡು
೧೯ ಮಾರ್ಚ್ ೨೦೦೪

ಗಂಗಾಧರಸ್ವಾಮಿಗೆ,

ಕಾಗದ ತಲುಪಿತು. ನಕಾಶೆಯ ವಿಷಯ ನನಗೆ ಹೊಸದಲ್ಲ. ನಮ್ಮ ಊರಿನ ನಕಾಶೆಯಲ್ಲಿ ಹಳ್ಳ ಬರೆದಿರುವ ಕಡೆ ಈಗ ನಿನ್ನ ಅಣ್ಣ ಶಿವರುದ್ರ ಅರಿಶಿನ ಬೆಳೆಯುತ್ತಾನೆ. ನಕಾಶೆ ನಂಬಿಕೊಂಡು ನಡೆದರೆ ಅರಿಶಿನದ ಹೊಲದಲ್ಲಿ ಈಜಬೇಕು.

ಆ ಫಖ್ರುನ್ನೀಸಾ ನಿನ್ನೆ ಮತ್ತೆ ಬಂದಿದ್ದಳು. ಮಗನ ಕಾರ್ಡು ಉಳಿಸಿಕೊಡುವಂತೆ ನಿನಗೆ ಹೇಳಬೇಕಂತೆ. ನಾನು ಜಗುಲಿಯಿಂದ ಇಳಿಯಲಿಲ್ಲ. ಅವಳನ್ನು ಹತ್ತಲೂ ಬಿಡಲಿಲ್ಲ. "ಉಗುರಿನಷ್ಟು ಒಂದು ದೀಪ ನೋಡಕ್ಕಾಗದೋನ್ಗೆ ಅಡಗು ಯಾಕಮ್ಮಿ? ನನ್ ಮಗನ್ನೂ ಮುಳುಗಿಸ್ತಿದ್ದ" ಎಂದೆ. ಅವಳು ಅಳಲಿಲ್ಲ. ನನ್ನನ್ನು ನೋಡಿ, "ಅವ್ನಿಗೆ ಆ ದೀಪನೇ ನೋಡಕ್ಕಾಗ್ದಂಗೆ ಇತ್ತಂತೆ ಅಮ್ಮಾವ್ರೆ. ಯಾಕೆ ಅಂತ ಕೇಳುದ್ರೆ ಬಾಯ್ ಬುಡಕಿಲ್ಲ. ನೀವಾದ್ರೂ ಕೇಳಿ" ಎಂದು ಸೆರಗು ಹೊದ್ದು ಹೋದಳು. ನನಗೆ ಎದುರು ಮಾತಾಡಿ ಈ ಅಂಗಳದಿಂದ ಯಾರೂ ಹಾಗೆ ಹೋದದ್ದಿಲ್ಲ.

ರಾತ್ರಿ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ಹೆಬ್ಬೆರಳಿನ ಉಗುರಿನಷ್ಟು ಚೌಕ, ಬಲಗಡೆ ಮೇಲೆ ಎಂದು ಬರೆದಿದ್ದೀಯೆ.

ಮಾದಪ್ಪನ ಪಟ ಎಲ್ಲಿದೆ?

ಶಾಂತಮಲ್ಲಮ್ಮ


ಭೀಮನಬೀಡು
೫ ಏಪ್ರಿಲ್ ೨೦೦೪

ಗಂಗಾಧರ,

ಒಂದು ಸಾಲಿನ ಪ್ರಶ್ನೆಗೆ ನಿನ್ನಿಂದ ಉತ್ತರವಿಲ್ಲ. ಯುಗಾದಿಯೂ ಕಳೆಯಿತು, ನೀನು ಬರಲಿಲ್ಲ. ನಾನೇ ಹೋಗಿ ಕೇಳಿಕೊಂಡು ಬಂದೆ.

ಸಾದಿಕನನ್ನು ಚಾಮರಾಜನಗರದ ಆಸ್ಪತ್ರೆಗೆ ಹಾಕಿದ್ದಾರೆ. ದಾರಿಯಲ್ಲಿ ತೆರಕಣಾಂಬಿ ಬರುವವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ನನ್ನನ್ನು ಕಂಡು ಅವನು ಎದ್ದು ಕೂರಲು ನೋಡಿದ. ಕಾಲು ಬಿಡಲಿಲ್ಲ.

"ಏನ್ಲಾ ಸಾದಿಕ, ಕೆಂಪು ದೀಪ ಕಾಣ್ಲಿಲ್ವೇನ್ಲಾ? ಕಣ್ಣ ಎಲ್ಲಿಟ್ಟಿದ್ದೆ?" ಎಂದು ಕೇಳಿದೆ.

"ಅಲ್ಲಿ ದೀಪ ಇರ್ಲಿಲ್ಲ ಅಮ್ಮಾವ್ರೆ. ಮಾದಪ್ಪ ಇದ್ದ."

"ಮತ್ತೆ ಗಂಗಾಧರ ಎಂಗೆ ನೋಡ್ತಿದ್ದ?"

"ಅವ್ರು ಓದಿದೋರು. ಯಾವ್ದೋ ಬಟನ್ ಒತ್ತಿ ಬ್ಯಾರೆ ಪುಟ ತಗ್ದು ನೋಡೋರು. ನನ್ಗೆ ಚೌಕ ನೋಡೋದು ಮಾತ್ರ ಕಲ್ಸಿದ್ರು. ಆಮೇಲೆ ಅದ್ರ ಮ್ಯಾಲೇ ಅಂಟ್ಸಿದ್ರು. ಕೇಳ್ದೆ. ನಾನ್ ನೋಡ್ಕತೀನಿ ಬುಡ್ಲಾ ಅಂದ್ರು."

"ಅವತ್ತು ಅವನು ಪಕ್ಕದಲ್ಲಿರ್ಲಿಲ್ವಲ್ಲ. ಕಿತ್ತು ನೋಡ್ಬೇಕಾಗಿತ್ತು."

ಅವನು ನನ್ನ ಮುಖ ನೋಡಿದ. "ನೀವೇ ಏಳಿದ್ರಲ್ಲ ಅಮ್ಮಾವ್ರೆ, ಜಗುಲಿ ಮ್ಯಾಲೆ ನಿಲ್ಲಿಸ್ಕಂಡು. ಯಾರೂ ಕೀಳಕೂಡ್ದು ಅಂತ. ನನ್ ಕಡೆ ನೋಡೇ ಏಳಿದ್ರಿ. ನಿಮ್ ಮನೆ ದೇವ್ರು. ನಾನು ಉಗುರಾಕಿ ಕೆರೀಲಾ?"

ಹೌದು. ಅವನ ಕಡೆ ನೋಡಿಯೇ ಹೇಳಿದ್ದೆ. ನೀನು ಕೀಳುವುದಿಲ್ಲ ಎಂಬ ನಂಬಿಕೆ ನನಗಿತ್ತು.

"ಇದ್ನ ತನಿಖೆಯೋರ್ಗೆ ಏಳಕ್ಕೇನಾಗಿತ್ತು?" ಎಂದೆ.

"ಏಳ್ದೆ. ಫೋಟೊ ತೋರ್ಸುದ್ರು. ಚೌಕ ಚೆನ್ನಾಗೇ ಕಾಣ್ತಿತ್ತು. ಪಟನೇ ಇರ್ಲಿಲ್ಲ. ಸುಳ್ಳು ಬೊಗಳ್ತೀಯಾ ಅಂದ್ರು."

"ಯಾರು ಕಿತ್ತಿದ್ದು?"

ಅವನು ಗೋಡೆಯ ಕಡೆ ತಿರುಗಿ, "ಗೊತ್ತಿಲ್ಲ ಅಮ್ಮಾವ್ರೆ" ಎಂದ. ನಿನ್ನ ಹೆಸರು ಹೇಳಲಿಲ್ಲ. ನೀನು ಅವನ ವಿರುದ್ಧ ಸಹಿ ಹಾಕಿದವನು, ಅವನು ನಿನ್ನ ತಾಯಿಯ ಎದುರು ನಿನ್ನ ಹೆಸರು ಹೇಳಲು ನಾಚಿದ.

ಫಖ್ರುನ್ನೀಸಾ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ನನಗೆ ಕೊಡುವುದೋ ಬೇಡವೋ ಎಂದು ಲೋಟ ಹಿಡಿದು ನಿಂತಳು. ಜಗುಲಿ ಹತ್ತಲು ಬಿಡದವಳಿಗೆ ಟೀ ಕೊಡಬೇಕೇ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಈಸಿಕೊಂಡು ಕುಡಿದೆ.

ಈಗ ಬರೆ. ಪಟವನ್ನು ಕಿತ್ತವನು ಯಾರು?

ಶಾಂತಮಲ್ಲಮ್ಮ


ಮಂಗಳೂರು
೧೪ ಏಪ್ರಿಲ್ ೨೦೦೪

ಅವ್ವ,

ನಾನೇ ಕಿತ್ತೆ.

ಪರದೆಯ ಚೌಕಟ್ಟು ಎರಡು ಬೆರಳಗಲವೂ ಇರಲಿಲ್ಲ, ಪಟ ಅದರ ಮೇಲೆ ಕೂರಲಿಲ್ಲ. ನೀನು ಬಲಗಡೆ ಮೇಲ್ಮೂಲೆ ಎಂದಿದ್ದೆ. ಚೌಕ ಮುಚ್ಚುತ್ತದೆಂದು ತಿಳಿದೇ ಅಂಟಿಸಿದೆ. ಬಡಿದ ಮೇಲೆ ಮಾಲೀಕರ ಕಡೆಯವರು ದೋಣಿಯಲ್ಲಿ ಬರುತ್ತಿದ್ದರು. ಕ್ಯಾಪ್ಟನ್ ಪಟದ ಕಡೆ ನೋಡಿ, ನಂತರ ನನ್ನ ಕಡೆ ನೋಡಿದರು. ಕಿತ್ತು ಜೇಬಿಗೆ ಹಾಕಿಕೊಂಡೆ.

ಈಗ ನಿಜ ಹೇಳಿದರೆ ಹಡಗು ನಡೆಸಲು ನನಗಿರುವ ಸರ್ಟಿಫಿಕೇಟು ಹೋಗುತ್ತದೆ. ಅದಾದರೂ ಇರಲಿ. ಹಡಗು ನಿಲ್ಲುವ ದಕ್ಕೆಯ ತುಂಬ ನಗುತ್ತಾರೆ, ಅವ್ವ ಕೊಟ್ಟ ಪಟದಿಂದ ಹಡಗು ಬಡಿಯಿತು ಎಂದು. ನಿನ್ನ ಹೆಸರು, ಮಾದಪ್ಪನ ಹೆಸರು ಅವರ ಬಾಯಲ್ಲಿ ಬೀಳಬಾರದೆಂದು ಸುಮ್ಮನಿದ್ದೆ. ಸಾದಿಕನಿಗೆ ಊರಿನಲ್ಲಿ ಬೇರೆ ಕೆಲಸ ಸಿಗುತ್ತದೆ. ಅವನ ತಂದೆ ರಜಾಕರ ಹಾಸಿಗೆ ಹೊಲಿಯುವ ಅಂಗಡಿಯಿದೆ.

ಜಾಗ ಸರಿಯಿಲ್ಲ ಅವ್ವ, ಬೇರೆ ಕಡೆ ಅಂಟಿಸುತ್ತೇನೆ ಎಂದು ನಿನಗೆ ಬರೆಯಬಹುದಿತ್ತಲ್ಲ ಎಂದು ನೀನು ಕೇಳುತ್ತೀಯೆ. ಕೇಳುವ ಮೊದಲು ಒಂದು ಮಾತು. ನೀನು ಹೇಳಿದ್ದು ಸರಿಯಿಲ್ಲ ಎಂದು ನಮ್ಮ ಮನೆಯಲ್ಲಿ ಇದುವರೆಗೆ ಯಾರು ಹೇಳಿದ್ದಾರೆ?

ಗಂಗಾಧರ


ಭೀಮನಬೀಡು
೨೧ ಏಪ್ರಿಲ್ ೨೦೦೪

ಗಂಗಾಧರ,

ನಿನ್ನ ಕೊನೆಯ ಪ್ರಶ್ನೆಗೆ ಮೈಯೆಲ್ಲ ಉರಿಯಿತು. ಉತ್ತರ ಬರೆಯಲು ಕೂತು, ನಿನ್ನ ಅಣ್ಣ ಅತ್ತಿಗೆಯನ್ನೇ ಸಾಕ್ಷಿಗೆ ಕರೆಯೋಣವೆಂದು ಅಡಿಗೆಮನೆಗೆ ಹೋದೆ. "ಬೃಂದಾ, ನಂಗೆ ಎದುರು ಮಾತಾಡಕ್ಕೆ ಈ ಮನೇಲಿ ಯಾರಾದ್ರೂ ಎದರ್ತೀರೇನಮ್ಮಿ?" ಎಂದೆ. "ಇಲ್ಲ ಅತ್ತೆ" ಎಂದು ನೆಲ ನೋಡಿದಳು. ನಿಜ ಹೇಳು ಎಂದೆ. ಇನ್ನೂ ಕೆಳಕ್ಕೆ ನೋಡಿದಳು. ಶಿವರುದ್ರನನ್ನು ಕೇಳಿದೆ. ಎಮ್ಮೆಗೆ ನೀರು ತೋರಿಸಬೇಕು ಎಂದು ತಟ್ಟೆಯ ಮುಂದಿನಿಂದ ಎದ್ದೇ ಹೋದ. ಎಮ್ಮೆ ಆಗತಾನೆ ನೀರು ಕುಡಿದಿತ್ತು.

ಆಮೇಲೆ ಬೃಂದಾ ಮಿಕ್ಸಿಯ ಮುಂದೆ ನಿಂತು, ನನಗೆ ಬೆನ್ನು ಮಾಡಿ ಹೇಳಿದಳು: "ಅತ್ತೆ, ಇದ್ರ ಪಟ ಅಂಕಿನೆಲ್ಲ ಮುಚ್ಕಂಡದೆ. ತಂದಾಗಿಂದ್ಲೂ ಅಂದಾಜ್ ಮ್ಯಾಲೇ ತಿರುಗಿಸ್ತಿವ್ನಿ."

ಎರಡು ವರ್ಷದಿಂದ ಚಟ್ನಿ ಒಂದು ದಿನ ತರಿ, ಒಂದು ದಿನ ನೀರು. ನಾನು ದಿನಾ ಅವಳಿಗೆ ಬೈಯುತ್ತಿದ್ದೆ.

ಬಿಸಿನೀರು ಹಾಕಿ ನೆನೆಸಿ ನಾನೇ ಕಿತ್ತೆ. ಪಟವನ್ನು ದೇವರ ಗೂಡಿನಲ್ಲಿ ಇಟ್ಟೆ. ಮಾದಪ್ಪ ಅಲ್ಲೂ ಹುಲಿಯ ಮೇಲೆ ಕೂತೇ ಇದ್ದಾನೆ, ಅವನಿಗೇನೂ ಆಗಲಿಲ್ಲ.

ಈಗ ನಿನ್ನ ವಿಷಯ. ನನ್ನ ಹೆಸರು ಉಳಿಸಲು ಸುಮ್ಮನಿದ್ದೆ ಎಂದು ಬರೆದಿದ್ದೀಯೆ. ನನ್ನ ಹೆಸರನ್ನು ಉಳಿಸು ಎಂದು ನಿನಗೆ ಯಾರು ಹೇಳಿದರು? ನನ್ನ ಮೇಲಿನ ಹೆದರಿಕೆಯನ್ನು ಮುಂದಿಟ್ಟುಕೊಂಡು ನಿನ್ನ ಸರ್ಟಿಫಿಕೇಟನ್ನು ಹಿಂದೆ ಬಚ್ಚಿಟ್ಟಿದ್ದೀಯೆ. ಪಟ ಅಂಟಿಸುವಾಗ ನನಗೆ ಹೆದರಿದ್ದು ನಿಜವಿರಬಹುದು. ಕೀಳುವಾಗ ಹೆದರಲಿಲ್ಲವಲ್ಲ! ಯಾರೂ ಕೀಳಕೂಡದು ಎಂದವಳು ನಾನೇ ತಾನೆ? ಆಗ ನನ್ನ ಮಾತು ಎಲ್ಲಿಗೆ ಹೋಯಿತು? ಆ ಮಾತಿಗೆ ಬೆಲೆ ಕೊಟ್ಟವನು ಒಬ್ಬನೇ. ಅವನು ಕಾಲು ಮುರಿದುಕೊಂಡು ಚಾಮರಾಜನಗರದಲ್ಲಿ ಮಲಗಿದ್ದಾನೆ. ಅವನಿಗೆ ಹಾಸಿಗೆ ಹೊಲಿಯುವ ಕೆಲಸವಿದೆ ಎಂದು ನೀನು ಬರೆಯುತ್ತೀಯೆ. ನಿನಗೂ ಇಲ್ಲಿ ಅರಿಶಿನ ಕೀಳುವ ಕೆಲಸವಿದೆ, ಬಾ.

ತನಿಖೆಯವರ ಮುಂದೆ ಹೋಗಿ ಇದ್ದದ್ದನ್ನು ಹೇಳು. ಪಟ ತೋರಿಸು. ಕೊಟ್ಟವರು ಯಾರು ಎಂದರೆ ಹೆಸರು ಪೂರ್ತಿ ಬರೆಸು: ಶಾಂತಮಲ್ಲಮ್ಮ, ದಿವಂಗತ ಗುರುಮಲ್ಲಯ್ಯನವರ ಹೆಂಡತಿ, ಭೀಮನಬೀಡು. ನಗುವವರು ನಗಲಿ. ನಗುವವರಿಗೆ ಹೆದರಿ ನಾನು ಯಾವತ್ತೂ ಬಾಗಿಲು ಹಾಕಿಕೊಂಡು ಕೂತವಳಲ್ಲ. ನೀನು ಹೇಳದಿದ್ದರೆ ನಾನೇ ಮಂಗಳೂರಿಗೆ ಬಂದು ಅವರ ಮೇಜಿನ ಮುಂದೆ ನಿಂತು ಹೇಳುತ್ತೇನೆ. ನಾನು ಬಂದರೆ ಏನಾಗುತ್ತದೆ ಎಂದು ನಿನಗೆ ಗೊತ್ತು.

ಶಾಂತಮಲ್ಲಮ್ಮ


ಮಂಗಳೂರು
೯ ಮೇ ೨೦೦೪

ಅವ್ವ,

ಹೇಳಿದೆ. ಹೆಸರನ್ನೂ ಬರೆಸಿದೆ. ಬರೆದುಕೊಂಡವರು ನಗಲಿಲ್ಲ. ಪಟವನ್ನು ಪರದೆಯ ಮೇಲೆ ಹಿಡಿದು, ಎಷ್ಟು ಮುಚ್ಚುತ್ತದೆಂದು ನೋಡಿದರು, ಅಷ್ಟೇ.

ಸಾದಿಕನ ಕಾರ್ಡು ರದ್ದಾಗುವುದಿಲ್ಲ. ನನ್ನ ಸರ್ಟಿಫಿಕೇಟನ್ನು ಒಂದು ವರ್ಷ ತಡೆಹಿಡಿದಿದ್ದಾರೆ. ಕೂಗುವ ಸದ್ದು ನಿಲ್ಲಿಸಿದ್ದಕ್ಕೆ ಕ್ಯಾಪ್ಟನ್ನಿಗೂ ನೋಟಿಸು ಹೋಗಿದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಪಟವನ್ನು ಇದರ ಜೊತೆ ಇಟ್ಟಿದ್ದೇನೆ. ಕೀಳುವಾಗ ಒಂದು ಮೂಲೆ ಹರಿದಿತ್ತು, ಹುಲಿಯ ಬಾಲ ಅಲ್ಲೇ ಉಳಿಯಿತು.

ಈಗ ಕೆಲಸವಿಲ್ಲ. ಊರಿಗೆ ಬರಲೇ? ನೀನು ಬಾ ಎಂದರೆ ಬರುತ್ತೇನೆ.

ಗಂಗಾಧರ


ಭೀಮನಬೀಡು
೧೬ ಮೇ ೨೦೦೪

ಗಂಗಾಧರ,

ಪಟ ತಲುಪಿತು.

ನಾನು ಬಾ ಎಂದರೆ ಬರುತ್ತೀಯಾ, ಬೇಡ ಎಂದರೆ ಅಲ್ಲೇ ಕೂರುತ್ತೀಯಾ? ಇಷ್ಟಾದ ಮೇಲೂ ನನ್ನನ್ನು ಕೇಳುತ್ತೀಯಲ್ಲ, ನಿನಗೆ ಬುದ್ಧಿ ಯಾವಾಗ ಬರುತ್ತದೆ? ಬಾ. ನನ್ನ ಸಿಟ್ಟು ಇಳಿದಿಲ್ಲ, ನೀನು ಬಂದ ಮೇಲೂ ಇಳಿಯುವುದಿಲ್ಲ. ಅದಕ್ಕೆ ಹೆದರಿ ತಡ ಮಾಡಬೇಡ.

ಸಾದಿಕ ಮನೆಗೆ ಬಂದಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಕಾಲು ಸರಿಹೋದರೆ ಮತ್ತೆ ಹಡಗಿಗೇ ಹೋಗುತ್ತಾನಂತೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಫಖ್ರುನ್ನೀಸಾ ಒಳಗೆ ಬನ್ನಿ ಎಂದು ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದಳು. ನಾನು ಮಾಡಿದ್ದನ್ನು ಅವಳು ಮಾಡಿದಳು, ತಪ್ಪಲ್ಲ. ನಾನು ಕೆಳಗೆ ನಿಂತೇ ಹೇಳಬೇಕಾದದ್ದನ್ನು ಹೇಳಿ ಬಂದೆ. ಏನು ಹೇಳಿದೆ ಎಂದು ನಿನಗೆ ಬರೆಯುವುದಿಲ್ಲ. ಅದು ನನ್ನದು, ಅವಳದು. ನಿನ್ನದನ್ನು ನೀನೇ ಹೇಳಬೇಕು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ರಜಾಕರ ಮನೆಗೆ ನಡೆದೇ ಹೋಗಬಹುದು. ಅಲ್ಲಿಗೆ ಹೋಗಿ ಬಾ. ಅವರ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಿಸಿದರೂ ನಿಲ್ಲು. ಅಲ್ಲಿಗೆ ಹೋಗದೆ ನೇರ ಇಲ್ಲಿಗೆ ಬಂದರೆ ಈ ಜಗುಲಿ ಹತ್ತಬೇಡ.

ಬೃಂದಾಳಿಗೆ ಹೇಳಿದ್ದೇನೆ, ನಿನಗೆ ಊಟ ತೆಗೆದಿಡುತ್ತಾಳೆ. ಚಟ್ನಿ ಈಗ ಚೆನ್ನಾಗಿರುತ್ತದೆ.

ಅವ್ವ